ಹುಡುಗರ ಕೈಗೆ ಮತಪತ್ರ ಕೊಡಲು ಯಾಕಿಷ್ಟು ಹೆದರಿಕೆ?

ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಕ್ಕೆ ಮತ್ತೆ ಚುನಾವಣೆ ನಡೆಯಲಿ ಎಂಬ ಮಾತು ಎದ್ದಾಗಲೆಲ್ಲ ಅವವೇ ಆಕ್ಷೇಪಗಳು ಕೇಳಿಬರುತ್ತವೆ. ಹೊಡೆದಾಟ ಆಗುತ್ತದೆ, ಓದು ಹಾಳಾಗುತ್ತದೆ, ಪಕ್ಷಗಳು ಒಳನುಗ್ಗುತ್ತವೆ, ಇಷ್ಟಕ್ಕೂ ತರಗತಿಗೊಬ್ಬ ಪ್ರತಿನಿಧಿ ಇದ್ದಾನಲ್ಲ. ಹೀಗನ್ನುವವರಲ್ಲಿ ಹೆಚ್ಚಿನವರು ಮಕ್ಕಳ ಹಿತ ಬಯಸುವ ಪೋಷಕರು, ಅಧ್ಯಾಪಕರು. ಅವರ ಮಾತನ್ನು ತಳ್ಳಿಹಾಕದೆ ಉತ್ತರ ಕೊಡಬೇಕು.

ಹೊಡೆದಾಟದ ಮಾತು ಸುಳ್ಳಲ್ಲ. ಗಲಾಟೆಗಳ ಕಾರಣದಿಂದಲೇ 1989-90ರ ಸುಮಾರಿಗೆ ನಮ್ಮಲ್ಲಿ ಈ ಚುನಾವಣೆಗಳು ನಿಂತವು. 2006ರ ಆಗಸ್ಟ್‌ನಲ್ಲಿ ಉಜ್ಜಯಿನಿಯ ಮಾಧವ ಕಾಲೇಜಿನಲ್ಲಿ ಸಂಘದ ಚುನಾವಣೆಯ ಜಗಳದ ನಡುವೆ ಪ್ರೊ. ಸಭರ್‌ವಾಲ್ ಹಲ್ಲೆಗೊಳಗಾಗಿ ಪ್ರಾಣ ಬಿಟ್ಟರು. ಅದನ್ನು ಯಾರೂ ಮರೆಯಬಾರದು. ಆದರೆ ಅದಾದ ಮರುತಿಂಗಳು, ಸೆಪ್ಟೆಂಬರ್ 22ರಂದು, ಸುಪ್ರೀಂ ಕೋರ್ಟ್ ಚುನಾವಣೆಗಳನ್ನು ನಿಲ್ಲಿಸಲಿಲ್ಲ. ನಿವೃತ್ತ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ಅವರ ಸಮಿತಿ ಕೊಟ್ಟ ನಿಯಮಗಳ ಪ್ರಕಾರ ನಡೆಸಿ ಎಂದು ಆದೇಶಿಸಿತು. ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದದ್ದು 5,000 ರೂಪಾಯಿ. ಅಚ್ಚು ಹಾಕಿಸಿದ ಪೋಸ್ಟರ್ ಅಂಟಿಸುವಂತಿಲ್ಲ, ಕೈಯಲ್ಲಿ ಬರೆದದ್ದನ್ನೇ ಗೊತ್ತುಮಾಡಿದ ಜಾಗದಲ್ಲಿ ಹಚ್ಚಬೇಕು. ಧ್ವನಿವರ್ಧಕ ಇಟ್ಟು, ವಾಹನ ಮೆರೆಸಿ ಪ್ರಚಾರ ಮಾಡುವಂತಿಲ್ಲ. ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲವೂ ಹತ್ತು ದಿನದೊಳಗೆ ಮುಗಿಯಬೇಕು. ಫಲಿತಾಂಶ ಬಂದ ಎರಡು ವಾರದಲ್ಲಿ ಖರ್ಚಿನ ಲೆಕ್ಕ ಒಪ್ಪಿಸಬೇಕು. ಇವನ್ನು ಪಾಲಿಸುವಂತೆ ನೋಡಿಕೊಳ್ಳುವ ಹೊಣೆ ಆಡಳಿತದ್ದು. ಗ್ರಾಮ ಪಂಚಾಯಿತಿ ಚುನಾವಣೆಯಲ್ಲೂ ತಲೆಗಳು ಒಡೆದಿವೆ, ಹಾಗೆಂದು ಪಂಚಾಯಿತಿಗಳಿಗೆ ಯಾರೂ ಬೀಗ ಹಾಕಿಲ್ಲ.

ಓದಿನ ಮಾತಿಗೆ ಉತ್ತರ ಅದೇ ವರದಿಯಲ್ಲಿದೆ. ಸ್ಪರ್ಧಿಸುವವನಿಗೆ ಶೇ 75 ಹಾಜರಿ ಇರಬೇಕು, ಆ ವರ್ಷ ಯಾವ ವಿಷಯವೂ ಬಾಕಿ ಉಳಿದಿರಬಾರದು, ಪದವಿ ವಿದ್ಯಾರ್ಥಿಯಾದರೆ ವಯಸ್ಸು 22 ದಾಟಿರಬಾರದು. ಇನ್ನು ಚುನಾವಣೆಯ ಆ ಹತ್ತು ದಿನ: ವಾರ್ಷಿಕೋತ್ಸವದ ಡ್ಯಾನ್ಸ್ ಪ್ರಾಕ್ಟೀಸಿಗೆ ಅದಕ್ಕಿಂತ ಹೆಚ್ಚು ದಿನ ಹೋಗುತ್ತದೆ.

ಪ್ರತಿನಿಧಿ ಇದ್ದಾನಲ್ಲ ಎಂಬ ಮಾತಿನಲ್ಲಿ ಮಾತ್ರ ನನಗೆ ತೀರಾ ಭಿನ್ನಾಭಿಪ್ರಾಯವಿದೆ. ನಮ್ಮ ಬಹಳಷ್ಟು ಕಾಲೇಜುಗಳಲ್ಲಿ ಹೆಚ್ಚು ಅಂಕ ಪಡೆದವರನ್ನು ಕರೆದು ನೀನೇ ಪ್ರತಿನಿಧಿ ಎಂದುಬಿಡುತ್ತಾರೆ. ಹೀಗೆ ಪ್ರತಿನಿಧಿಯಾದ ಹುಡುಗಿ ಒಳ್ಳೆಯವಳೇ, ಬುದ್ಧಿವಂತೆಯೇ. ಅತಿಥಿಗಳು ಬಂದಾಗ ಹಾರ, ಶಾಲು ಹಿಡಿದು ವೇದಿಕೆಯ ಪಕ್ಕ ನಿಲ್ಲುತ್ತಾಳೆ, ಪ್ರಾರ್ಥನೆಗೆ ಯಾರು, ವಂದನಾರ್ಪಣೆಗೆ ಯಾರು ಎಂದು ಪಟ್ಟಿ ಮಾಡುತ್ತಾಳೆ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದವರಿಗೆ ವರ್ಷ ಕಳೆದರೂ ವಿದ್ಯಾರ್ಥಿವೇತನ ಬಂದಿಲ್ಲ ಎಂದು ಪ್ರಿನ್ಸಿಪಾಲರ ಕೊಠಡಿಗೆ ಹೋಗಿ ಆಕೆ ಕೇಳಬಲ್ಲಳೇ? ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲ ಎಂದು ಮೂರನೇ ಸಲ ಬಾಗಿಲು ತಟ್ಟಬಲ್ಲಳೇ? ಆರಿಸಿದವರು ಕಾಲೇಜಿನವರು, ಬೇಡವೆಂದರೆ ಬದಲಿಸುವವರೂ ಅವರೇ. ಇಂಟರ್ನಲ್ ಅಂಕ ಕೊಡುವವರು ಅದೇ ಸ್ಟಾಫ್ ರೂಮಿನವರು. ತರಗತಿಯ ಮತ ಪಡೆದು ಬಂದವಳಾದರೆ ಹಿಂದೆ ಗೆಳತಿಯರ ಬಲ ಇರುತ್ತದೆ. ಕೇಳದೆ ಸುಮ್ಮನಿದ್ದರೆ ಮುಂದಿನ ವರ್ಷ ಅವರಿಗೆ ಉತ್ತರ ಹೇಳಬೇಕಾಗುತ್ತದೆ. ಬರೀ ಅಂಕ ನೋಡಿ ನಾಮಕರಣ ಮಾಡುವುದು ಸೂಕ್ತವಲ್ಲ, ನಾಮಕರಣ ಪದ್ಧತಿ ತಾತ್ಕಾಲಿಕ ಏರ್ಪಾಡಾಗಿ ಮಾತ್ರ ಇರಲಿ ಎಂದು ಲಿಂಗ್ಡೊ ಸಮಿತಿಯೇ ಹೇಳಿತ್ತು. ಐದು ವರ್ಷದೊಳಗೆ ಚುನಾವಣೆಗೆ ಬದಲಾಗಿ ಎಂದೂ ಹೇಳಿತ್ತು. ನಾವು ಆ ತಾತ್ಕಾಲಿಕದಲ್ಲೇ ಕೂತಿದ್ದೇವೆ.

ಪಕ್ಷ, ಜಾತಿ ಒಳಗೆ ಬರುತ್ತವೆ ಎನ್ನುವವರು ಒಮ್ಮೆ ಹಾಸ್ಟೆಲ್‌ಗಳ ಗೋಡೆ ನೋಡಬೇಕು. ಅವು ಚುನಾವಣೆಗೆ ಕಾದು ಕೂತಿಲ್ಲ. ಪ್ರಮುಖ ಪಕ್ಷಗಳ ಜೊತೆ ಗುರುತಿಸಿಕೊಂಡ ವಿದ್ಯಾರ್ಥಿ ಸಂಘಟನೆಗಳಿವೆ, ಪ್ರತಿಭಟನೆಗೆ ಹುಡುಗರನ್ನು ಕರೆದೊಯ್ಯುವವರು ಯಾರ ಮತವನ್ನೂ ಕೇಳಿ ಬಂದವರಲ್ಲ. ಆದರೆ ಮತ ಬೇಕೆಂದರೆ ತನ್ನವರಲ್ಲದವರ ಬೆಂಚಿಗೂ ಹೋಗಿ ಮಾತಾಡಬೇಕಾಗುತ್ತದೆ. ದೆಹಲಿಯ ಜೆಎನ್‌ಯುನಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳು ಎಲ್ಲರೆದುರು ಒಂದೇ ವೇದಿಕೆಯಲ್ಲಿ ನಿಂತು ವಾದ ಮಾಡುತ್ತಾರೆ, ಪ್ರಶ್ನೆಗೆ ಉತ್ತರಿಸುತ್ತಾರೆ. ಅಷ್ಟು ದೂರವೇಕೆ, ಕೇರಳದ ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಓದುವ ಮಕ್ಕಳು ತಮ್ಮ ಸಂಘಕ್ಕೆ ಮತ ಹಾಕುತ್ತಾರೆ. ತಲಪಾಡಿಯ ಗಡಿ ದಾಟಿ ಈಚೆ ಬಂದರೆ ಅದೇ ವಯಸ್ಸಿನ, ಅದೇ ನುಡಿಯ ಮಕ್ಕಳನ್ನು ನಂಬುವುದು ಕಷ್ಟವೇ?

ಇನ್ನು, ಈ ಹುಡುಗರಿಗೇನು ತಿಳಿಯುತ್ತದೆ ಎಂಬ ಮಾತು. 1989ರ ಮಾರ್ಚ್‌ನಲ್ಲಿ ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಪ್ರಧಾನಿಯನ್ನು ಬದಲಿಸುವ ಮತ ದೇಶ ಕೊಟ್ಟ ಹೊತ್ತಿನಲ್ಲೇ ರಾಜ್ಯ ಅವರಿಂದ ಕಾಲೇಜಿನ ಮತವನ್ನು ಕಿತ್ತುಕೊಂಡಿತು. ಮೊನ್ನೆಮೊನ್ನೆಯ ಸಂಗತಿ ನೋಡಿ: 2021ರಲ್ಲಿ ರಾಜ್ಯಕ್ಕೆ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಯಾವುದು ಸರಿ ಎಂಬುದು ಬೇರೆ ಚರ್ಚೆ. ಪಠ್ಯ ಬದಲಾದದ್ದು, ಪರೀಕ್ಷೆಯ ಪದ್ಧತಿ ಬದಲಾದದ್ದು ವಿದ್ಯಾರ್ಥಿಗಳಿಗೆ. ಅವರ ಪರವಾಗಿ ಮಾತಾಡುವ ಒಬ್ಬ ಚುನಾಯಿತ ಪ್ರತಿನಿಧಿಯೂ ಇರಲಿಲ್ಲ.

ಕೊನೆಯ ಆಕ್ಷೇಪ ವಿದ್ಯಾರ್ಥಿಗಳದ್ದೇ. ನಮಗ್ಯಾಕೆ ಉಸಾಬರಿ, ಡಿಗ್ರಿ ಮುಗಿಸಿ ಕೆಲಸ ಹಿಡಿದರೆ ಸಾಕು ಎನ್ನುವವರಿದ್ದಾರೆ. ಬಸ್ ಪಾಸ್ ತೋರಿಸಿದರೂ ನಿಲ್ಲಿಸದೆ ಹೋಗುವ ಬಸ್ಸು, ಫಲಿತಾಂಶ ತಡವಾಗಿ ಪಿಜಿ ಪ್ರವೇಶ ತಪ್ಪುವ ಆತಂಕ ಇವೆಲ್ಲ ಅವರದ್ದೇ ಉಸಾಬರಿ. ಚುನಾವಣೆ ನಡೆಯುವ ಕಾಲೇಜಿನಲ್ಲಿ ಇವರು ಮನೆಯಲ್ಲಿ ಉಳಿದರೆ ಗೆಲ್ಲುವುದು ಗುಂಪು ಕಟ್ಟಿಕೊಂಡು ಬಂದವರೇ, ಆಮೇಲೆ ರಾಜಕೀಯ ಕೊಳಕು ಎಂದು ದೂರುವುದು ನ್ಯಾಯವಲ್ಲ. ನಿಮ್ಮ ಪ್ರವೇಶ ಶುಲ್ಕದ ರಸೀದಿ ತೆಗೆದು ಓದಿ. ಬಹಳ ಕಾಲೇಜುಗಳ ರಸೀದಿಯಲ್ಲಿ ಕ್ರೀಡೆ, ವಾಚನಾಲಯ, ಮ್ಯಾಗಜಿನ್‌ಗಳ ಜೊತೆಗೆ ವಿದ್ಯಾರ್ಥಿ ಸಂಘದ ಶುಲ್ಕವೂ ಒಂದು ಸಾಲಿನಲ್ಲಿರುತ್ತದೆ. ಚುನಾವಣೆ ಬಂದ ದಿನ, ಆ ಹಣ ಎಲ್ಲಿ ಖರ್ಚಾಯಿತು ಎಂದು ಮತ ಕೇಳಲು ಬಂದವರನ್ನು ಕೇಳಿ. ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕಿಸುತ್ತೇನೆ ಎಂದು ಎಲ್ಲರೆದುರು ಒಪ್ಪಿಕೊಂಡವರಿಗೆ ಮತ ಹಾಕಿ. ಯಾರೂ ಒಪ್ಪದಿದ್ದರೆ ನೀವೇ ನಾಮಪತ್ರ ಸಲ್ಲಿಸಿ.