ಹಟ್ಟಿಗಳಿಗೆ ಟಿವಿ ತರಂಗ: ಆಕ್ಷೇಪಗಳಿಗೆ ಉತ್ತರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಟ್ಟಿ, ತಾಂಡಾ, ಪಾಳ್ಯಗಳಿಗೆ ಟಿವಿಯ ಖಾಲಿ ತರಂಗಗಳಲ್ಲಿ ಇಂಟರ್ನೆಟ್ ಕೊಡಿ ಎಂದರೆ, 'ಭಾರತ್‌ನೆಟ್ ಕೇಬಲ್ ಇದೆಯಲ್ಲ' ಎನ್ನುತ್ತಾರೆ. ಆ ಯೋಜನೆಯ ಮೊದಲ ಗುರಿ ಗ್ರಾಮ ಪಂಚಾಯಿತಿ ಕಟ್ಟಡ. ಅಲ್ಲಿಂದ ನಾಲ್ಕು ಕಿಲೋಮೀಟರ್ ಆಚೆಗಿನ ಗೊಲ್ಲರಹಟ್ಟಿಯ ಶಾಲೆಗೆ ಅದನ್ನು ಮುಟ್ಟಿಸುವವರು ಯಾರು? ನಾವು ಕೇಳುತ್ತಿರುವುದು ಆ ತುಂಡು ದಾರಿಗಷ್ಟೇ. ಮುಂಬೈ ಐಐಟಿಯವರು ಪಾಲ್ಘರ್ ಹಳ್ಳಿಗಳಲ್ಲಿ 470–590 ಮೆಗಾಹರ್ಟ್ಸ್ ಬಳಸಿ ಮಾಡಿ ತೋರಿಸಿದ್ದೂ ಇದನ್ನೇ.

'ಬೆಟ್ಟ ಅಡ್ಡ ಬಂದರೆ ಯಾವ ತರಂಗವೂ ದಾಟದು' ಎಂಬುದು ಅರ್ಧ ನಿಜ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ತೂರಿ ಹೋಗುವಂಥದ್ದು ಇದಲ್ಲ. ಆದರೆ ವೈಫೈನ 2.4 ಗಿಗಾಹರ್ಟ್ಸ್ ತರಂಗದ ಉದ್ದ 12.5 ಸೆಂ.ಮೀ., 500 ಮೆಗಾಹರ್ಟ್ಸ್‌ನದು 60 ಸೆಂ.ಮೀ. ಉದ್ದನೆಯ ತರಂಗ ದಿಣ್ಣೆಯ ಅಂಚಿನಲ್ಲಿ ಹೆಚ್ಚು ಬಾಗುತ್ತದೆ. ಕೊರಟಗೆರೆಯ ಅಡಿಕೆ, ತೆಂಗಿನ ತೋಟಗಳಲ್ಲಿ ಅಷ್ಟಾಗಿ ಸೊರಗುವುದಿಲ್ಲ. ದೊಡ್ಡ ಬೆಟ್ಟದ ಹಿಂದಿನ ಊರಿಗೆ ನೆತ್ತಿಯ ಮೇಲೊಂದು ಮರುಪ್ರಸಾರಕ ಬೇಕೇ ಬೇಕು. ಅದಕ್ಕೆ ಸೌರಫಲಕ, ಬ್ಯಾಟರಿ ಸಾಕು. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇರುವ ಸೀಮೆಯಿದು.

'ವೇಗ ಸಾಲದು' ಎನ್ನುವವರ ಮಾತು ಒಪ್ಪತಕ್ಕದ್ದೇ. 8 ಮೆಗಾಹರ್ಟ್ಸ್ ಚಾನೆಲ್ ಒಂದರಲ್ಲಿ ಸಿಗುವುದು ಸೆಕೆಂಡಿಗೆ ಹತ್ತಿಪ್ಪತ್ತು ಮೆಗಾಬಿಟ್. ಅದನ್ನೂ ಊರೆಲ್ಲ ಹಂಚಿಕೊಳ್ಳಬೇಕು. ನಮ್ಮ ಮೊಬೈಲುಗಳು ಇದನ್ನು ನೇರವಾಗಿ ಹಿಡಿಯುವುದೂ ಇಲ್ಲ. ಆಂಟೆನಾ, ಪೆಟ್ಟಿಗೆ, ಅದರ ಮುಂದೊಂದು ವೈಫೈ ಬೇಕು. ಮನೆಮನೆಗೆ ಸಿನಿಮಾ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಆದರೆ ಪಡಿತರ ಅಂಗಡಿಯ ಹೆಬ್ಬೆಟ್ಟಿನ ಯಂತ್ರಕ್ಕೆ ಬೇಕಿರುವುದು ವೇಗವಲ್ಲ, ಕಡಿಯದ ಸಂಪರ್ಕ. ಸಿಗ್ನಲ್ ಹುಡುಕಿ ಅಂಗಡಿಯವರು ಯಂತ್ರವನ್ನು ಮಾಳಿಗೆ ಹತ್ತಿಸುತ್ತಾರೆ. ಖಾಲಿ ಚೀಲ ಹಿಡಿದ ಅಜ್ಜಿ ಮೂರು ಸಲ ಬೆರಳೊತ್ತಿ, ಕೂಲಿಯೂ ಇಲ್ಲದೆ, ಅಕ್ಕಿಯೂ ಇಲ್ಲದೆ ಮನೆಗೆ ಹೋಗುತ್ತಾರೆ. ಅವರ ಮುಂದೆ ಇಪ್ಪತ್ತು ಮೆಗಾಬಿಟ್ ಅಲ್ಪ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

'ದೂರದರ್ಶನಕ್ಕೆ ಅಡ್ಡಿ' ಎಂಬ ವಾದಕ್ಕೆ ಈಗ ಹುರುಳಿಲ್ಲ. ಪ್ರಸಾರ ಭಾರತಿಯೇ 2022ರ ಹೊತ್ತಿಗೆ ಅನಲಾಗ್ ಭೂಪ್ರಸಾರ ಕೇಂದ್ರಗಳನ್ನು ಬಹುತೇಕ ಮುಚ್ಚಿದೆ. ಅದಕ್ಕೂ ಮುಂಚೆ, 2014ರಲ್ಲೇ, ಮುಂಬೈ ಐಐಟಿಯ ಅಧ್ಯಯನ 470–590 ಮೆಗಾಹರ್ಟ್ಸ್ ತರಂಗಪಟ್ಟಿಯ 15 ಚಾನೆಲ್‌ಗಳಲ್ಲಿ ಕನಿಷ್ಠ 12, ಉತ್ತರ ವಲಯ ಬಿಟ್ಟು ದೇಶದ ಉಳಿದ ವಲಯಗಳ ಬಹುತೇಕ ಎಲ್ಲೆಡೆ ಖಾಲಿ ಇವೆ ಎಂದಿತ್ತು. ಪಾವಗಡವನ್ನು ಬಹುಪಾಲು ಆಂಧ್ರವೇ ಸುತ್ತುವರಿದಿರುವುದರಿಂದ ಅಲ್ಲಿ ಎರಡೂ ರಾಜ್ಯಗಳಲ್ಲಿ ಉಳಿದಿರುವ ಕೇಂದ್ರಗಳನ್ನು ಲೆಕ್ಕಕ್ಕೆ ಹಿಡಿಯಬೇಕು, ಅಷ್ಟೆ.

ಉಳಿದದ್ದು 'ತರಂಗ ಸರ್ಕಾರದ ಆಸ್ತಿ, ಹರಾಜು ಹಾಕಿ' ಎಂಬ ವಾದ. 2022ರ ಹರಾಜಿನಲ್ಲಿ ಇದರ ಪಕ್ಕದ 600 ಮೆಗಾಹರ್ಟ್ಸ್ ಪಟ್ಟಿಗೆ ಒಬ್ಬರೂ ಬಿಡ್ ಹಾಕಲಿಲ್ಲ. ಕೊಳ್ಳುವವರು ಬರುವ ತನಕ ಈ ನಾಲ್ಕು ತಾಲ್ಲೂಕುಗಳ ಶಾಲೆ, ಪಡಿತರ ಅಂಗಡಿ, ಆರೋಗ್ಯ ಉಪಕೇಂದ್ರಗಳಿಗೆ ಶುಲ್ಕವಿಲ್ಲದೆ ಬಳಸಲು ಬಿಡಲಿ. ಕೊಂಡವರು ಬಂದ ದಿನ ತೆರವು ಮಾಡಬೇಕೆಂಬ ಷರತ್ತನ್ನೂ ಹಾಕಲಿ.