ಕೊಂಡವರ ಧರ್ಮ

ಗಣಕಯಂತ್ರದ ಒಡಲಿನಲ್ಲಿ ಹಲವು ಅಂಗಗಳಿವೆ. ಚಿತ್ರವನ್ನು ತೋರುವುದೊಂದು, ತಂತಿಯಿಲ್ಲದೆ ವಾರ್ತೆಯನ್ನು ಒಯ್ಯುವುದೊಂದು. ಒಂದೊಂದರ ನುಡಿಯೂ ಬೇರೆ. ಆ ನುಡಿಯನ್ನು ಅರಿತು ಕಾರ್ಯಾಚರಣ ವ್ಯವಸ್ಥೆಗೆ ತಿಳಿಯಹೇಳುವ ದುಭಾಷಿಯೇ ಡ್ರೈವರ್ ಎಂಬ ತಂತ್ರಾಂಶ. ಅದಿಲ್ಲದಿದ್ದರೆ ಎಷ್ಟೇ ಬೆಲೆಬಾಳುವ ಯಂತ್ರಾಂಗವೂ ಮೂಕವೇ ಸರಿ.

ಲಿನಕ್ಸ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ, ಹೈಕು ಮೊದಲಾದುವು ತಮ್ಮ ಆಕರಪಠ್ಯವನ್ನು ಸರ್ವರಿಗೂ ತೆರೆದಿಟ್ಟ ವ್ಯವಸ್ಥೆಗಳು. ಇವುಗಳಲ್ಲಿ ಲಿನಕ್ಸಿಗಾಗಿ ದುಡಿಯುವ ಕೈಗಳು ಬಹಳ, ಉಳಿದುವುಗಳಿಗೆ ಕಡಿಮೆ. ಪ್ರತಿಯೊಂದು ಯಂತ್ರಾಂಗಕ್ಕೂ ಹೊಸದಾಗಿ ಡ್ರೈವರ್ ಬರೆಯುವ ಶಕ್ತಿ ಚಿಕ್ಕ ಬಳಗಕ್ಕೆ ಎಲ್ಲಿಂದ ಬರಬೇಕು? ಆದುದರಿಂದ ಒಂದೆಡೆ ಬರೆದುದನ್ನು ಇನ್ನೊಂದೆಡೆಗೆ ಅಳವಡಿಸಿಕೊಳ್ಳುವ ಪದ್ಧತಿ ಬೆಳೆದಿದೆ. 2022ರಲ್ಲಿ ಹೊರಬಂದ ಫ್ರೀಬಿಎಸ್‌ಡಿ 13.1ರಲ್ಲಿ ಲಿನಕ್ಸಿನ ಐಡಬ್ಲ್ಯೂಎಲ್‌ವೈಫೈ ಡ್ರೈವರನ್ನು ಅಳವಡಿಸಲಾಯಿತು. ಲಿನಕ್ಸಿನ ಒಳಪರಿಸರವನ್ನೇ ಅನುಕರಿಸುವ ಲಿನಕ್ಸ್‌ಕೆಪಿಐ ಎಂಬ ಸೇತುವೆ ಇದಕ್ಕೆ ಆಧಾರ. ಮೂಲಕರ್ತೃಗಳು ಜಿಪಿಎಲ್, ಬಿಎಸ್‌ಡಿ ಎಂಬ ಎರಡೂ ಪರವಾನಗಿಗಳಲ್ಲಿ ಅದನ್ನು ನೀಡಿದ್ದುದರಿಂದ ದಾರಿ ಸುಗಮವಾಯಿತು. ಅದೇ ವರ್ಷದ ಹೈಕು ಬೀಟಾ 4, ಓಪನ್‌ಬಿಎಸ್‌ಡಿಯ ವೈಫೈ ಡ್ರೈವರುಗಳನ್ನು ತನ್ನದಾಗಿಸಿಕೊಂಡಿತು.

ಆದರೆ ಈ ಕೊಡುಕೊಳ್ಳುವಿಕೆಯಲ್ಲಿ ಕಹಿಯೂ ಬೆರೆತದ್ದುಂಟು. 2007ರ ಏಪ್ರಿಲ್‌ನಲ್ಲಿ, ಲಿನಕ್ಸ್ ಬಳಗದವರು ಬರೆದಿದ್ದ ಒಂದು ವೈಫೈ ಡ್ರೈವರಿನ ಭಾಗಗಳು ಅನುಮತಿಯಿಲ್ಲದೆ ಓಪನ್‌ಬಿಎಸ್‌ಡಿಯ ಸಾರ್ವಜನಿಕ ಭಂಡಾರದಲ್ಲಿ ಕಾಣಿಸಿಕೊಂಡುವು. ಬಹಿರಂಗ ಆಕ್ಷೇಪ ಬಂದ ಮೇಲೆ ಆ ಕಾರ್ಯವನ್ನೇ ಕೈಬಿಡಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಪಾತ್ರಗಳು ಅದಲುಬದಲಾದುವು. ಓಪನ್‌ಬಿಎಸ್‌ಡಿಯಿಂದ ಲಿನಕ್ಸಿಗೆ ಬಂದ ಪಠ್ಯದಿಂದ ಮೂಲ ಪರವಾನಗಿಯ ಮಾತುಗಳನ್ನು ತೆಗೆದು ಬೇರೊಂದನ್ನು ಹಾಕುವ ತಿದ್ದುಪಡಿಯೊಂದು ಲಿನಕ್ಸ್ ಬಳಗದಲ್ಲಿ ಮಂಡಿತವಾಗಿ, ವಿವಾದವೆದ್ದಿತು.

ವಿದ್ಯೆ ಎಲ್ಲರದೂ ಆಗಿರುವಾಗ ಷರತ್ತುಗಳೇಕೆ ಎಂದು ಕೇಳುವವರುಂಟು. ಕನ್ನಡ ನಾಡಿನ ದಾನಶಾಸನಗಳೇ ಇದಕ್ಕೆ ಉತ್ತರ. ಕೊಟ್ಟವರಾರು, ಯಾವ ಉದ್ದೇಶಕ್ಕೆ ಕೊಟ್ಟರು ಎಂಬುದನ್ನು ಅವು ಕಲ್ಲಿನಲ್ಲಿ ನಿಲ್ಲಿಸುತ್ತವೆ. ದಾನವನ್ನು ಕೆಡಿಸುವವರಿಗೆ ಕೊನೆಯಲ್ಲಿ ಶಾಪವನ್ನೂ ನುಡಿಯುತ್ತವೆ. ಆ ಬರಹದಿಂದ ದಾನ ಕಿರಿದಾಗಲಿಲ್ಲ, ಬಾಳಿ ಬಂದಿತು. ತಂತ್ರಾಂಶದ ಕಡತದ ತಲೆಯಲ್ಲಿರುವ ಪರವಾನಗಿಯೂ ಅಂಥದೇ ಒಂದು ಶಾಸನ. ಬಿಎಸ್‌ಡಿ ಬಗೆಯದು ಕೇಳುವುದು ಮುಖ್ಯವಾಗಿ ಇಷ್ಟೇ: ಕರ್ತೃವಿನ ಹೆಸರನ್ನೂ ಈ ಮಾತುಗಳನ್ನೂ ಅಳಿಸಬೇಡಿ. ಜಿಪಿಎಲ್ ಕೇಳುವುದು: ತಿದ್ದಿ ಹಂಚುವುದಾದರೆ ಇದೇ ನಿಯಮದಲ್ಲಿ ಪರರಿಗೂ ಹಂಚಿರಿ. ಇಷ್ಟನ್ನೂ ನಡೆಸಲಾರದವರು ಮುಕ್ತತೆಯ ಮಾತನಾಡುವುದು ಸಲ್ಲದು.

ಅಕ್ಷರ ದಾಸೋಹವನ್ನು ಕಾಯಕವೆಂದು ನಂಬಿದ ವಿದ್ಯಾಸಂಸ್ಥೆಗಳಿಗೆ ಇದರಲ್ಲಿ ಪಾಠವಿದೆ. ಗಣಕವಿಜ್ಞಾನವನ್ನು ಕಲಿಸುವ ಉಪಾಧ್ಯಾಯರು ಆಕರಪಠ್ಯದ ಮೊದಲ ಸಾಲನ್ನು ವಿವರಿಸುವ ಮುನ್ನ ಅದರ ಮೇಲಿರುವ ಪರವಾನಗಿಯನ್ನು ವಿದ್ಯಾರ್ಥಿಗಳಿಂದ ಓದಿಸಬೇಕು. ಪರರ ದುಡಿಮೆಯನ್ನು ಬಳಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಅವರ ಹೆಸರನ್ನೂ ಮಾತನ್ನೂ ಉಳಿಸಿ, ತಿದ್ದಿದುದನ್ನು ಸಾಧ್ಯವಾದಷ್ಟೂ ಮರಳಿ ಒಪ್ಪಿಸುವುದು ಕೊಂಡವರ ಧರ್ಮ.