ಗೋಡೆಯ ಒಡಲು ಮತ್ತು ರೇಡಾರ್

ಮುಚ್ಚಿದ ವಸ್ತುವಿನ ಒಳಗೇನಿದೆಯೆಂದು ತಿಳಿಯುವ ಕುತೂಹಲ ಮನುಷ್ಯನಿಗೆ ಸಹಜವಾದುದು. ತೆಂಗಿನಕಾಯಿಯನ್ನು ಕೊಳ್ಳುವವರು ಅದನ್ನು ತಟ್ಟಿ, ಅಲುಗಿಸಿ, ಕಿವಿಗೊಟ್ಟು ಕೇಳುತ್ತಾರೆ. ಗಾರೆ ಕೆಲಸದವನು ಗೋಡೆಯನ್ನು ಕುಟ್ಟಿ, ಅದು ಗಟ್ಟಿಯೋ ಪೊಳ್ಳೋ ಎಂದು ಹೇಳುತ್ತಾನೆ. ಸಂದೇಹ ಉಳಿದರೆ ಕಾಯಿಯನ್ನು ಒಡೆದೇ ನೋಡಬಹುದು. ಒಡೆಯುವುದಕ್ಕೆಂದೇ ಅದನ್ನು ಕೊಂಡಿರುತ್ತೇವೆ. ಆದರೆ ಮೂರು ಸಾವಿರ ವರ್ಷಗಳ ಹಿಂದಿನ ಚಿತ್ರವನ್ನು ಮೈಮೇಲೆ ಹೊತ್ತ ಗೋಡೆಯನ್ನು ಹಾಗೆ ಒಡೆದು ನೋಡುವಂತಿಲ್ಲ. ಅಂಥ ಕಡೆ ರೇಡಾರ್ ನಮ್ಮ ನೆರವಿಗೆ ಬರುತ್ತದೆ. ರೇಡಾರ್ ತಾನಾಗಿ ಗೋಡೆಗೆ ಯಾವ ಗಾಯವನ್ನೂ ಮಾಡದು, ನಿಜ. ಆದರೆ ಅದು ಹೇಳಿದುದನ್ನು ಅವಸರದಿಂದ ಅರ್ಥಮಾಡಿದರೆ ಉಳಿಗೂ ಬೈರಿಗೆಗೂ ಅದೇ ದಾರಿ ತೋರಿಸೀತು. ಈ ಎಚ್ಚರವನ್ನು ವಾಚಕರ ಮುಂದಿಡುವುದೇ ನಮ್ಮ ಉದ್ದೇಶ.

ರೇಡಾರ್ ಎಂದೊಡನೆ ವಿಮಾನವೂ ಹಡಗೂ ನೆನಪಿಗೆ ಬರುತ್ತವೆ. ಗೋಡೆಯನ್ನು ಪರೀಕ್ಷಿಸುವ ರೇಡಾರಿನ ತತ್ತ್ವವೂ ಅದೇ. ಗೋಡೆಗೆ ಹತ್ತಿರವಾಗಿ ಹಿಡಿದ ಆಂಟೆನಾ ರೇಡಿಯೋ ತರಂಗಗಳ ಒಂದು ಚಿಕ್ಕ ಮಿಡಿತವನ್ನು ಒಳಕ್ಕೆ ಕಳುಹಿಸುತ್ತದೆ. ಕಲ್ಲು ಒಂದೇ ತೆರನಾಗಿರುವವರೆಗೆ ತರಂಗವು ಮುಂದುವರಿಯುತ್ತದೆ. ಕಲ್ಲು ಮುಗಿದು ಗಾಳಿ ಮೊದಲಾದಲ್ಲಿ, ಇಟ್ಟಿಗೆ ಮುಗಿದು ಕಬ್ಬಿಣ ಬಂದಲ್ಲಿ, ಒಣ ಗಾರೆ ಮುಗಿದು ಒದ್ದೆ ಗಾರೆ ಬಂದಲ್ಲಿ ಅದರ ಒಂದು ಪಾಲು ಪ್ರತಿಫಲಿಸಿ ಹಿಂದಿರುಗುತ್ತದೆ. ಹೋಗಿಬರಲು ಹಿಡಿದ ಕಾಲವನ್ನಳೆದರೆ ಆಳ ಗೊತ್ತಾಗುತ್ತದೆ. ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರ ಒಂದು ಪಾಲಿಗೆ ನ್ಯಾನೋಸೆಕೆಂಡ್ ಎಂದು ಹೆಸರು. ಇಷ್ಟು ಕಾಲದಲ್ಲಿ ತರಂಗವು ಗಾಳಿಯಲ್ಲಿ ೩೦ ಸೆಂಟಿಮೀಟರ್ ಸಾಗಿದರೆ, ಒಣಗಿದ ಸುಣ್ಣಕಲ್ಲಿನಲ್ಲಿ ಸುಮಾರು ೧೨ ಸೆಂಟಿಮೀಟರ್ ಸಾಗುತ್ತದೆ. ಪ್ರತಿಧ್ವನಿ ೧೦ ನ್ಯಾನೋಸೆಕೆಂಡುಗಳ ಅನಂತರ ಬಂದಿತೆನ್ನೋಣ. ಆಗ ಅದನ್ನು ಹಿಂದಿರುಗಿಸಿದ ಎಡೆ ೬೦ ಸೆಂಟಿಮೀಟರ್ ಒಳಗಿದೆಯೆಂದಾಯಿತು.

ಲೆಕ್ಕ ಸರಳವಾಗಿದೆ, ತೊಡಕಿರುವುದು ಅರ್ಥದಲ್ಲಿ. ಪ್ರತಿಧ್ವನಿಯು "ಇಲ್ಲಿ ಏನೋ ಬದಲಾಯಿತು" ಎಂದಷ್ಟೇ ಹೇಳುತ್ತದೆ. ಬದಲಾದುದು ಏನೆಂದು ಹೇಳುವುದಿಲ್ಲ. ಬಂಡೆಯಲ್ಲಿನ ಒಂದು ಸಹಜವಾದ ಬಿರುಕು ಕೂಡ ಪ್ರತಿಧ್ವನಿಯನ್ನು ಕೊಡಬಲ್ಲುದು. ಇದಲ್ಲದೆ, ಆಂಟೆನಾದಿಂದ ಹೊರಟ ತರಂಗಗಳಲ್ಲಿ ಕೆಲವು ಗೋಡೆಯನ್ನು ಹೊಗದೆ ಕೋಣೆಯ ಗಾಳಿಯಲ್ಲಿ ಹರಡಿ, ಎದುರಿನ ಗೋಡೆಗೋ ಚಾವಣಿಗೋ ತಾಗಿ ಮರಳುತ್ತವೆ. ಬೆನ್ನ ಹಿಂದಿರುವ ವಸ್ತು ಆಗ ಚಿತ್ರದಲ್ಲಿ ಗೋಡೆಯ ಆಚೆಗಿರುವಂತೆ ತೋರುತ್ತದೆ. ಆವೃತ್ತಿಯ ಪ್ರಶ್ನೆಯೊಂದು ಬೇರೆ. ೩೦೦೦ ಮೆಗಾಹರ್ಟ್ಸ್ ಆವೃತ್ತಿಯ ತರಂಗ ಕಲ್ಲಿನೊಳಗೆ ೪ ಸೆಂಟಿಮೀಟರ್ ಉದ್ದವಿದ್ದು ಸೂಕ್ಷ್ಮವನ್ನು ತೋರಿಸುತ್ತದೆ, ಆದರೆ ಆಳಕ್ಕೆ ಇಳಿಯದು. ೧೫೦ ಮೆಗಾಹರ್ಟ್ಸಿನದು ಆಳಕ್ಕೆ ಇಳಿಯುತ್ತದೆ. ಆದರೆ ೮೦ ಸೆಂಟಿಮೀಟರ್ ಉದ್ದದ ಆ ತರಂಗಕ್ಕೆ ಸಣ್ಣ ವಿವರಗಳು ಕಾಣವು. ಆದುದರಿಂದ ರೇಡಾರಿನ ಚಿತ್ರವು ಛಾಯಾಚಿತ್ರವಲ್ಲ, ಸಾಕ್ಷಿಯ ಹೇಳಿಕೆ. ಅದನ್ನು ಪಾಟೀಸವಾಲಿಗೆ ಒಳಪಡಿಸತಕ್ಕದ್ದು.

ಇದಕ್ಕೆ ಈಜಿಪ್ಟಿನ ಟುಟಾಂಕಾಮನ್ ದೊರೆಯ ಸಮಾಧಿಗಿಂತ ಒಳ್ಳೆಯ ನಿದರ್ಶನ ಬೇರೊಂದಿಲ್ಲ. ರಾಜರ ಕಣಿವೆಯಲ್ಲಿರುವ ಈ ಸಮಾಧಿಯನ್ನು ೧೯೨೨ರಲ್ಲಿ ಹೊವರ್ಡ್ ಕಾರ್ಟರ್ ಕಂಡುಹಿಡಿದನು. ಅಲ್ಲಿಯ ಶವಕೋಣೆಯ ಗೋಡೆಗಳಲ್ಲಿ ಮಾತ್ರ ಚಿತ್ರಗಳಿವೆ. ೨೦೧೫ರಲ್ಲಿ ನಿಕೊಲಸ್ ರೀವ್ಸ್ ಎಂಬ ವಿದ್ವಾಂಸರು ಆ ಗೋಡೆಗಳ ಅತಿ ಸೂಕ್ಷ್ಮ ಪ್ರತಿಬಿಂಬಗಳನ್ನು ಪರಿಶೀಲಿಸಿ, ಉತ್ತರದ ಮತ್ತು ಪಶ್ಚಿಮದ ಗೋಡೆಗಳಲ್ಲಿ ಮುಚ್ಚಿದ ಬಾಗಿಲುಗಳ ಗೆರೆಗಳು ತೋರುತ್ತವೆಂದೂ, ಉತ್ತರದ ಬಾಗಿಲ ಹಿಂದೆ ರಾಣಿ ನೆಫರ್ಟಿಟಿಯ ಸಮಾಧಿಯೇ ಇರಬಹುದೆಂದೂ ಊಹಿಸಿದರು. ಊಹೆ ಬುಡವಿಲ್ಲದ್ದೇನೂ ಅಲ್ಲ. ಶವಕೋಣೆಗೂ ಮುಂದಿನ ಕೋಣೆಗೂ ನಡುವಣ ಗೋಡೆಯಲ್ಲಿ ಅಂಥ ಮುಚ್ಚಿದ ಬಾಗಿಲು ನಿಜವಾಗಿಯೂ ಇದ್ದಿತು. ೧೯೨೩ರಲ್ಲಿ ಕಾರ್ಟರನೇ ಅದನ್ನು ತೆರೆದನು. ಒಳಗಿನ ಬೃಹತ್ತಾದ ಮಂಟಪಗಳನ್ನು ಹೊರತರಲು ಅವನು ಆ ಅಡ್ಡಗೋಡೆಯನ್ನು ಕೆಡವಬೇಕಾಯಿತು. ಅದರ ಮೇಲಿದ್ದ ಚಿತ್ರದ ಭಾಗವು ಹೋಯಿತು. ಗೋಡೆಯೊಡೆದರೆ ತೆರಬೇಕಾದ ಬೆಲೆ ಏನೆಂಬುದು ಆ ಸಮಾಧಿಯಲ್ಲಿಯೇ ಬರೆದಿದೆ.

ಆದಕಾರಣ ರೇಡಾರನ್ನು ಕರೆಸಿದುದು ವಿವೇಕದ ಕೆಲಸವೇ ಸರಿ. ೨೦೧೫ರ ನವೆಂಬರಿನಲ್ಲಿ ಜಪಾನಿನ ಹಿರೊಕಾತ್ಸು ವತನಬೆಯವರು ಗೋಡೆಗಳನ್ನು ಶೋಧಿಸಿದರು. ಗುಪ್ತ ಕೋಣೆ ಇರುವುದು ನೂರಕ್ಕೆ ತೊಂಬತ್ತರಷ್ಟು ಖಚಿತವೆಂದು ಈಜಿಪ್ಟಿನ ಅಂದಿನ ಪುರಾವಸ್ತು ಸಚಿವರು ಸಾರಿದರು. ೨೦೧೬ರ ಮಾರ್ಚಿನಲ್ಲಿ, ಒಳಗೆ ಲೋಹವೂ ಜೈವಿಕ ಪದಾರ್ಥವೂ ಇರುವ ಸೂಚನೆಯಿದೆಯೆಂಬ ಮಾತೂ ಹೊರಟಿತು. ಲೋಹವು ತರಂಗವನ್ನು ಬಲವಾಗಿ ಹಿಂದಿರುಗಿಸುವುದು ದಿಟ. ಆದರೆ ಇಂಥ ಪ್ರತಿಧ್ವನಿಯಿಂದ ಜೈವಿಕ ಪದಾರ್ಥವನ್ನು ಗುರುತಿಸಲು ಭೌತವಿಜ್ಞಾನದಲ್ಲಿ ಯಾವ ಆಧಾರವಿದೆಯೋ ನಮಗೆ ತೋರದು. ಅದೇ ವರ್ಷ ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ಬೆಂಬಲದಿಂದ ನಡೆದ ಎರಡನೆಯ ಶೋಧನೆಯಲ್ಲಿ ಆ ಕೋಣೆಗಳು ಕಾಣಲಿಲ್ಲ. ಒಬ್ಬರು ಉಂಟೆಂದರು, ಇನ್ನೊಬ್ಬರು ಇಲ್ಲವೆಂದರು. ಆಗ ಬೈರಿಗೆಯನ್ನು ತರಿಸದೆ ಮೂರನೆಯ ಸಾಕ್ಷಿಯನ್ನು ಕರೆದರು. ಈ ಕಥೆಯಲ್ಲಿ ಎಲ್ಲಕ್ಕಿಂತ ಮೆಚ್ಚತಕ್ಕ ಸಂಗತಿ ಇದೇ.

ಇಟಲಿಯ ಟ್ಯೂರಿನ್ ಪಾಲಿಟೆಕ್ನಿಕ್ಕಿನ ಫ್ರಾಂಚೆಸ್ಕೊ ಪೊರ್ಚೆಲ್ಲಿಯವರ ತಂಡವು ೨೦೧೮ರಲ್ಲಿ ೧೫೦ರಿಂದ ೩೦೦೦ ಮೆಗಾಹರ್ಟ್ಸ್‌ವರೆಗಿನ ಹಲವು ಆವೃತ್ತಿಗಳಲ್ಲಿ, ಆಂಟೆನಾವನ್ನು ಒಮ್ಮೆ ಒಂದು ದಿಕ್ಕಿಗೂ ಒಮ್ಮೆ ಅದಕ್ಕೆ ಅಡ್ಡಲಾಗಿಯೂ ಹಿಡಿದು ಗೋಡೆಗಳನ್ನು ಅಳೆಯಿತು. ನಿಜವಾದ ಎಲ್ಲೆಯನ್ನು ಹುಸಿ ಸಂಕೇತದಿಂದ ಬೇರ್ಪಡಿಸುವುದಕ್ಕೆ ಇಂತಹ ಬಗೆಬಗೆಯ ಅಳತೆಗಳೇ ನೆರವಾಗತಕ್ಕವು. ಸಹಜ ಬಂಡೆಯಿಂದ ಕಟ್ಟಿದ ಗೋಡೆಗೆ ದಾಟುವ ಎಲ್ಲೆಯಾಗಲಿ, ಚಿತ್ರಗಳ ಹಿಂದೆ ಟೊಳ್ಳಾಗಲಿ ಕಾಣದೆಂದು ಆ ವರ್ಷದ ಮೇ ತಿಂಗಳಲ್ಲಿ ಫಲಿತಾಂಶ ಪ್ರಕಟವಾಯಿತು. ಪತ್ರಿಕೆಗಳು ಇದನ್ನು ನಿರಾಶೆಯ ಸುದ್ದಿಯೆಂದು ಬರೆದವು. ನಾವು ಹಾಗೆ ಎಣಿಸುವುದಿಲ್ಲ. ಉತ್ತರದ ಗೋಡೆಯ ಮೇಲೆ, ಸತ್ತ ದೊರೆಯ ಬಾಯ್ದೆರೆಯುವ ಸಂಸ್ಕಾರವನ್ನು ಅವನ ಉತ್ತರಾಧಿಕಾರಿಯಾದ ಆಯ್ ನಡೆಸುತ್ತಿರುವ ಚಿತ್ರವಿದೆ. ಅದು ಇಂದಿಗೂ ತೂತಿಲ್ಲದೆ ಉಳಿದಿದೆ. "ಇಲ್ಲ" ಎಂಬ ಆ ಒಂದು ಉತ್ತರ ಯಾವ ಆವಿಷ್ಕಾರಕ್ಕೂ ಕಡಿಮೆಯಾದುದಲ್ಲ.

ರೇಡಾರ್ "ಉಂಟು" ಎಂದಾಗಲೂ ಎಚ್ಚರ ಬೇಕು. ಇಟಲಿಯ ಫ್ಲಾರೆನ್ಸ್ ನಗರದ ಪಲಾಟ್ಸೊ ವೆಕ್ಕಿಯೊ ಅರಮನೆಯಲ್ಲಿ, ವಸಾರಿಯು ಬರೆದ ಭಿತ್ತಿಚಿತ್ರದ ಹಿಂದೆ ಲಿಯೊನಾರ್ಡೊ ಡ ವಿಂಚಿಯ ಕಳೆದುಹೋದ ಯುದ್ಧಚಿತ್ರವು ಅಡಗಿರಬಹುದೆಂಬ ಊಹೆಯಿತ್ತು. ಗೋಡೆಯ ಹಿಂದೆ ಸಣ್ಣ ಗಾಳಿಯ ತೆರಪಿರುವುದನ್ನು ರೇಡಾರ್ ತೋರಿಸಿತು. ೨೦೧೧ರಲ್ಲಿ ವಸಾರಿಯ ಚಿತ್ರದಲ್ಲಿ ರಂಧ್ರಗಳನ್ನು ಕೊರೆದರು, ಕಲಾವಿದ್ವಾಂಸರು ಪ್ರತಿಭಟಿಸಿದರು, ೨೦೧೨ರಲ್ಲಿ ಕೆಲಸ ನಿಂತಿತು. ಲಿಯೊನಾರ್ಡೊನ ಚಿತ್ರ ಸಿಕ್ಕಲಿಲ್ಲ. ತೆರಪಿದೆಯೆಂಬುದು ಅಳತೆ, ಅದರಾಚೆ ಚಿತ್ರವಿದೆಯೆಂಬುದು ಆಸೆ. ಕೊರೆದದ್ದು ಆಸೆಯ ಮಾತನ್ನು ನಂಬಿ.

ಒಂದು ಸಣ್ಣ ತೂತಿನಿಂದ ಏನು ಮಹಾ ನಷ್ಟ, ಸಂದೇಹವಾದರೂ ಪರಿಹಾರವಾಗುವುದಲ್ಲವೇ ಎಂದು ಕೇಳುವವರುಂಟು. ಅವರಿಗೆ ನಮ್ಮ ಉತ್ತರವಿಷ್ಟೆ: ಉಪಕರಣಗಳು ವರ್ಷ ವರ್ಷಕ್ಕೂ ಉತ್ತಮಗೊಳ್ಳುತ್ತಿವೆ, ಚಿತ್ರದ ಗೋಡೆಯಾದರೋ ಒಂದೇ ಒಂದು. ಇಂದು ಬಿಡಿಸಲಾಗದ ಪ್ರಶ್ನೆಯನ್ನು ನಾಳಿನವರು ಮುಟ್ಟದೆಯೇ ಬಿಡಿಸಿಯಾರು. ಆದುದರಿಂದ ಪ್ರಾಚೀನ ಗೋಡೆಯನ್ನು ಮುಟ್ಟುವ ಮೊದಲು, ಒಬ್ಬರನ್ನೊಬ್ಬರು ಆಶ್ರಯಿಸದ ಎರಡು ತಂಡಗಳಾದರೂ ಒಂದೇ ತೀರ್ಮಾನಕ್ಕೆ ಬಂದಿರಬೇಕು. ಅಳತೆಗಳೆಲ್ಲವೂ ಇತರ ತಜ್ಞರ ಪರಿಶೀಲನೆಗೆ ತೆರೆದಿರಬೇಕು. ಪತ್ರಿಕಾಗೋಷ್ಠಿ ಆಮೇಲೆ ನಡೆಯಲಿ. ಗೋಡೆಯು ಮೂರು ಸಾವಿರ ವರ್ಷ ಕಾದಿದೆ. ಎರಡನೆಯ ಅಳತೆ ಮುಗಿಯುವವರೆಗೆ ನಾವೂ ಕಾಯಬಹುದು.